ಮಾಗಿಯ ಚಳಿಯಲ್ಲಿ ವಿಗ್ಗಿನ ಆರೈಕೆ

ಕಾರ್ತೀಕ ಕಳೆದು ಮಾಗಿಯ ಚಳಿ ಕಾಲಿಡುತ್ತಿದ್ದಂತೆ ವಿಗ್ ಧರಿಸುವವರಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ. ಮಳೆಗಾಲದವರೆಗೆ ನುಣುಪಾಗಿದ್ದ ಕೂದಲು ಒರಟಾಗಿದೆ, ಬಾಚಿದಷ್ಟೂ ಎದ್ದು ನಿಲ್ಲುತ್ತದೆ, ಕತ್ತಿನ ಹಿಂಭಾಗದಲ್ಲಿ ಗಂಟುಗಟ್ಟುತ್ತದೆ ಎನ್ನುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯ ದಿನಗಳಲ್ಲಿ ನನ್ನ ತಂಗಿಯ ವಿಗ್ಗನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದಿನಿಂದ ಬಂಧುಬಳಗದಲ್ಲಿ ಯಾರಿಗೆ ಈ ವಿಷಯ ಬೇಕಾದರೂ ನನ್ನನ್ನೇ ಕೇಳುವುದು ರೂಢಿಯಾಗಿರುವುದರಿಂದ, ತಿಳಿದುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ತಲೆಯಲ್ಲಿ ಬೆಳೆಯುವ ಕೂದಲಿಗೆ ಬುಡದಿಂದ ಜಿಡ್ಡು ಇಳಿದು ಬರುತ್ತದೆ, ವಿಗ್ಗಿನ ಕೂದಲಿಗೆ ಆ ಆಸರೆ ಇಲ್ಲ. ಒಣಗಾಳಿ ಹೀರಿಕೊಂಡ ಪಸೆಯನ್ನು ನಾವೇ ಅದಕ್ಕೆ ಮರಳಿ ಕೊಡಬೇಕು; ಆದರೆ ಸ್ವಂತ ಕೂದಲಿಗೆ ಮಾಡುವಂತೆ ಎಣ್ಣೆ ಹಚ್ಚಿ, ಬಿಸಿನೀರೆರೆದು, ಬಿಸಿಲಿಗೆ ಒಡ್ಡಿ ಅಲ್ಲ.

ಆರೈಕೆಗೆ ತೊಡಗುವ ಮುನ್ನ ನಿಮ್ಮ ಬಳಿ ಇರುವುದು ಮನುಷ್ಯರ ಕೂದಲಿನದೋ ಕೃತಕ ಎಳೆಯದೋ ಎಂಬುದು ಖಚಿತವಾಗಿರಲಿ. ಸಂದೇಹವಿದ್ದರೆ ಒಳಭಾಗದಿಂದ ಒಂದೇ ಒಂದು ಎಳೆಯನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ ನೋಡಬಹುದು. ನಿಜವಾದ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಕೃತಕ ಎಳೆ ಕರಗಿ ಗಟ್ಟಿಯಾದ ಪುಟ್ಟ ಮಣಿಯಾಗುತ್ತದೆ. ಮನುಷ್ಯರ ಕೂದಲಿನಲ್ಲಿಯೂ ಎರಡು ಬಗೆಗಳಿವೆ. ತಿರುಪತಿಯಂತಹ ಕ್ಷೇತ್ರಗಳಲ್ಲಿ ಮುಡಿ ಕೊಟ್ಟ ಕೂದಲು ಕಟ್ಟುಕಟ್ಟಾಗಿ ಸಿಗುವುದರಿಂದ ಅದರ ಬುಡಗಳೆಲ್ಲ ಒಂದೇ ಕಡೆಗೆ ಇರುತ್ತವೆ. ಮನೆಮನೆಯಲ್ಲಿ ಬಾಚುವಾಗ ಉದುರಿದ ಕೂದಲಿನ ಉಂಡೆಗಳು ಕೊಪ್ಪಳದ ಪಕ್ಕದ ಭಾಗ್ಯನಗರದಂತಹ ಊರುಗಳಿಗೆ ಬಂದು, ಅಲ್ಲಿನ ಹೆಣ್ಣುಮಕ್ಕಳ ಕೈಯಲ್ಲಿ ಸಿಕ್ಕು ಬಿಡಿಸಿಕೊಂಡು, ಅಳತೆಗೆ ತಕ್ಕಂತೆ ಬೇರೆಬೇರೆಯಾಗುತ್ತವೆ. ಬಹಳ ತಾಳ್ಮೆ ಬೇಡುವ ಈ ದುಡಿಮೆಯನ್ನು ನೆನೆದರೆ ಗೌರವ ಮೂಡುತ್ತದೆ. ಕೂದಲಿನ ಮೇಲ್ಮೈಯಲ್ಲಿ ಮೀನಿನ ಮೈಯ ಮೇಲಿರುವಂತಹ ಸೂಕ್ಷ್ಮ ಹುರುಪೆಗಳಿದ್ದು, ಅವು ಬುಡದಿಂದ ತುದಿಯ ಕಡೆಗೆ ಮಲಗಿರುತ್ತವೆ. ಉದುರಿದ ಕೂದಲಿನಲ್ಲಿ ಬುಡವೂ ತುದಿಯೂ ಬೆರೆತಿರುವುದರಿಂದ ಈ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದನ್ನು ತಡೆಯಲೆಂದು ಅನೇಕ ವೇಳೆ ಹುರುಪೆಗಳನ್ನು ರಾಸಾಯನಿಕದಿಂದ ತೆಗೆದು ಸಿಲಿಕೋನ್ ಲೇಪ ಕೊಟ್ಟಿರುತ್ತಾರೆ. ಕೆಲವು ಬಾರಿ ತೊಳೆದ ಮೇಲೆ ಆ ಲೇಪ ಹೋಗಿಬಿಡುವುದರಿಂದ, ಅಗ್ಗದ ವಿಗ್ಗು ಚಳಿಗಾಲದಲ್ಲಿ ಬೇಗನೆ ಸಿಕ್ಕಾಗುತ್ತದೆ.

ತೊಳೆಯುವ ವಿಷಯದಲ್ಲಿ ನನ್ನ ಮಾತು ಸ್ಪಷ್ಟ: ಚಳಿಗಾಲದಲ್ಲಿ ಕಡಿಮೆ ತೊಳೆಯಿರಿ. ಬೇಸಿಗೆಯಲ್ಲಿ ಬೆವರಿನ ಕಾರಣದಿಂದ 8ರಿಂದ 10 ಬಾರಿ ಧರಿಸಿದ ಮೇಲೆ ತೊಳೆಯುವುದಾದರೆ, ಈಗ 12ರಿಂದ 15 ಬಾರಿ ಧರಿಸಿದ ಮೇಲೆ ತೊಳೆದರೆ ಸಾಕು. ತೊಳೆಯುವ ಮುನ್ನ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಆರಂಭಿಸಿ ಮೆಲ್ಲಗೆ ಬುಡದ ಕಡೆಗೆ ಬರುತ್ತಾ ಸಿಕ್ಕು ಬಿಡಿಸಬೇಕು. ನೆನೆದ ಮೇಲೆ ಬಿಡಿಸಲು ಹೋದರೆ ಎಳೆಗಳು ಬುಡದ ಗಂಟಿನಿಂದಲೇ ಕಿತ್ತುಬರುತ್ತವೆ. ಕೃತಕ ಎಳೆಯ ವಿಗ್ಗಿಗೆ ತಣ್ಣೀರೇ ಆಗಬೇಕು, ಏಕೆಂದರೆ ಅದರ ಗುಂಗುರು ಮತ್ತು ಬಾಗು ಕಾರ್ಖಾನೆಯಲ್ಲಿ ಶಾಖದಿಂದ ಕೂರಿಸಿದವಾದ್ದರಿಂದ ಬಿಸಿನೀರು ಅದನ್ನು ಕೆಡಿಸುತ್ತದೆ. ಮನುಷ್ಯರ ಕೂದಲಿನದಾದರೆ ಉಗುರುಬೆಚ್ಚಗಿನ ನೀರು ಸಾಕು. ಒಂದು ಬೇಸಿನ್ ನೀರಿಗೆ ಒಂದು ಮುಚ್ಚಳ ಸೌಮ್ಯ ಶಾಂಪೂ ಕದಡಿ, ವಿಗ್ಗನ್ನು ಅದರಲ್ಲಿ ಐದು ನಿಮಿಷ ಮುಳುಗಿಸಿಟ್ಟು, ಉಜ್ಜದೆ ಮೇಲಿನಿಂದ ಕೆಳಕ್ಕೆ ಸವರಿ ತೆಗೆಯಬೇಕು. ಸೀಗೆಪುಡಿ, ಅಂಟುವಾಳದ ಪುಡಿಗಳು ನಮ್ಮ ತಲೆಗೆ ಎಷ್ಟೇ ಒಳ್ಳೆಯವಾದರೂ, ಅವುಗಳ ತರಿ ಒಳಗಿನ ಬಲೆಯಲ್ಲಿ ಸಿಕ್ಕಿಕೊಂಡು ಹೋಗುವುದೇ ಇಲ್ಲ. ಮನುಷ್ಯರ ಕೂದಲಿನ ವಿಗ್ಗಿಗೆ ಚಳಿಗಾಲದಲ್ಲಿ ಕಂಡೀಷನರ್ ತಪ್ಪಿಸಬಾರದು. ಆದರೆ ಅದನ್ನು ನಡುಭಾಗದಿಂದ ತುದಿಯವರೆಗೆ ಮಾತ್ರ ಹಚ್ಚಬೇಕು. ಬುಡಕ್ಕೆ ತಾಗಿದರೆ ಬಲೆಗೆ ಕಟ್ಟಿದ ಗಂಟುಗಳು ಸಡಿಲವಾಗುತ್ತವೆ.

ಒಣಗಿಸುವಲ್ಲಿ ಚಳಿಗಾಲಕ್ಕೆಂದೇ ಒಂದು ಎಚ್ಚರ ಅಗತ್ಯ. ಇಬ್ಬನಿ ಬೀಳುವ ಬೆಂಗಳೂರು, ಮಡಿಕೇರಿ, ಮಲೆನಾಡಿನ ಕಡೆ ಸಂಜೆ ತೊಳೆದ ವಿಗ್ಗು ಮರುದಿನದ ಹೊತ್ತಿಗೂ ಒಳಗೆ ತೇವವಾಗಿಯೇ ಇರುತ್ತದೆ. ಮೇಲಿನ ಕೂದಲು ಒಣಗಿದ್ದರೂ ಒಳಗಿನ ಪಟ್ಟಿ ಒಣಗಿರುವುದಿಲ್ಲ. ಆ ಒದ್ದೆ ಪಟ್ಟಿಯಿಂದ ಬೂಷ್ಟಿನ ವಾಸನೆ ಬರುವುದಲ್ಲದೆ, ಚಿಕಿತ್ಸೆಯಲ್ಲಿರುವವರ ಸೂಕ್ಷ್ಮ ನೆತ್ತಿಗೆ ತುರಿಕೆಯೂ ಆಗಬಹುದು. ಆದುದರಿಂದ ಬೆಳಗಿನ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ತೊಳೆದು, ಹಿಂಡದೆ ಹತ್ತಿಯ ಟವೆಲಿನಲ್ಲಿ ಒತ್ತಿ ನೀರು ತೆಗೆದು, ಸ್ಟ್ಯಾಂಡಿನ ಮೇಲೆ ಗಾಳಿಯಾಡುವ ನೆರಳಿನಲ್ಲಿ ಇರಿಸಿ. ಸ್ಟ್ಯಾಂಡ್ ಇಲ್ಲದಿದ್ದರೆ ಎತ್ತರದ ಸ್ಟೀಲ್ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ತೆಳುವಾದ ಬಟ್ಟೆ ಹೊದಿಸಿ ಕೂರಿಸಬಹುದು. ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಒಳಗಿನ ಪಟ್ಟಿಯನ್ನು ಮುಂಗೈಗೆ ಒತ್ತಿ ನೋಡಬೇಕು, ಬೆರಳಿಗಿಂತ ಅಲ್ಲಿ ತಂಪು ಬೇಗ ತಿಳಿಯುತ್ತದೆ.

ಇನ್ನು ಎಳೆಗಳು ಎದ್ದು ನಿಲ್ಲುವುದು. ಬೀದರ್, ಕಲಬುರಗಿ, ವಿಜಯಪುರಗಳ ಒಣಚಳಿಯಲ್ಲಿ ಉಣ್ಣೆಯ ಬಟ್ಟೆಗೆ ಉಜ್ಜಿದ ಕೂದಲಿನಲ್ಲಿ ವಿದ್ಯುದಾವೇಶ ಉಳಿದುಬಿಡುತ್ತದೆ, ಗಾಳಿಯಲ್ಲಿ ತೇವವಿಲ್ಲದ ಕಾರಣ ಅದು ಹರಿದುಹೋಗುವುದಿಲ್ಲ. ಪ್ಲಾಸ್ಟಿಕ್ ಬಾಚಣಿಗೆ ಇದನ್ನು ಹೆಚ್ಚಿಸುವುದರಿಂದ ಮರದ ಬಾಚಣಿಗೆಯನ್ನು ಬಳಸಿ, ಬಾಚುವ ಮುನ್ನ ಅಂಗೈಗೆ ಎರಡು ಹನಿ ನೀರು ಸವರಿಕೊಂಡು ಕೂದಲ ಮೇಲೆ ಆಡಿಸಿ. ಉಜ್ಜಾಟ ಅತಿ ಹೆಚ್ಚು ನಡೆಯುವುದು ಕತ್ತಿನ ಹಿಂದೆ. ಸ್ವೆಟರಿನ ಕಾಲರು, ಶಾಲು, ಮಫ್ಲರು ಇವೆಲ್ಲ ಅಲ್ಲಿಯೇ ತಿಕ್ಕುತ್ತವೆ. ಕೃತಕ ಎಳೆಯಾದರೆ ಅಲ್ಲಿ ಸುರುಟಿ ನಾರಿನಂತಾದುದು ಮತ್ತೆ ಸರಿಹೋಗುವುದು ಬಹಳ ಕಷ್ಟ. ಇದಕ್ಕೆ ನಾನು ಕಂಡುಕೊಂಡ ಅತ್ಯುತ್ತಮ ಉಪಾಯ ಹಳೆಯ ಮೆತ್ತನೆಯ ರೇಷ್ಮೆ ಸೀರೆ. ಅದರ ಜರಿಯಿಲ್ಲದ ಮೈಭಾಗದಿಂದ ಒಂದು ಗೇಣು ಅಗಲದ ತುಂಡು ಕತ್ತರಿಸಿ, ಶಾಲು ಅಥವಾ ಸ್ವೆಟರಿನ ಕತ್ತಿನ ಒಳಭಾಗಕ್ಕೆ ಹೊಲಿದುಬಿಟ್ಟರೆ ಕೂದಲು ಜಾರುತ್ತದೆಯೇ ಹೊರತು ಸಿಕ್ಕಿಕೊಳ್ಳುವುದಿಲ್ಲ. ಉಣ್ಣೆಯ ಟೋಪಿ ಹಾಕುವುದಿದ್ದರೂ, ಹೆಲ್ಮೆಟ್ ಧರಿಸುವುದಿದ್ದರೂ ನಡುವೆ ಇಂತಹದೇ ರೇಷ್ಮೆ ಬಟ್ಟೆ ಇರಲಿ. ಜರಿಯ ಅಂಚನ್ನು ಮಾತ್ರ ಬಳಸಬೇಡಿ, ಅದರ ಎಳೆಗೆ ಕೂದಲು ಸಿಕ್ಕಿ ಕಿತ್ತುಬರುತ್ತದೆ.

ಚಳಿಗಾಲವೆಂದರೆ ಬೆಂಕಿಯ ಹತ್ತಿರ ಕೂರುವ ಕಾಲವೂ ಹೌದು. ಕೃತಕ ಎಳೆಯ ವಿಗ್ಗು ಧರಿಸಿ ಹಂಡೆಯ ಒಲೆಯ ಮುಂದೆ ಬಗ್ಗುವುದು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಮುಖ ಒಡ್ಡುವುದು, ಧನುರ್ಮಾಸದ ಪೂಜೆಯಲ್ಲಿ ಮಂಗಳಾರತಿಗೆ ತೀರಾ ಬಾಗುವುದು ಬೇಡ. ಜ್ವಾಲೆ ತಗಲದಿದ್ದರೂ ಒಮ್ಮೆ ಹಬೆ ರಾಚಿದರೆ ಹಣೆಯ ಮೇಲಿನ ಎಳೆಗಳು ಕ್ಷಣಮಾತ್ರದಲ್ಲಿ ಸುರುಟಿಹೋಗುತ್ತವೆ. ಅಡುಗೆಮನೆಗೆ ಹೋಗುವಾಗ ವಿಗ್ಗು ತೆಗೆದಿಟ್ಟು ಹತ್ತಿಯ ಟೋಪಿ ಹಾಕಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಹೊರದೇಶದ ಹಿಮದ ಊರುಗಳಲ್ಲಿರುವ ನಮ್ಮ ಮಕ್ಕಳು ಹೀಟರಿನ ಬಿಸಿಗಾಳಿ ಹೊರಡುವ ಜಾಗದ ಪಕ್ಕದಲ್ಲಿ ವಿಗ್ಗಿನ ಸ್ಟ್ಯಾಂಡ್ ಇಡದಂತೆ ನೋಡಿಕೊಳ್ಳಬೇಕು.

ನೆತ್ತಿಯನ್ನು ಮರೆಯಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಆದುದರಿಂದ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ರಾತ್ರಿ ತೆಳುವಾಗಿ ಹಚ್ಚಿ, ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ವಿಗ್ಗು ಧರಿಸಬೇಕು. ಚಿಕಿತ್ಸೆ ನಡೆಯುತ್ತಿರುವವರು, ಅದರಲ್ಲಿಯೂ ತಲೆಗೆ ರೇಡಿಯೇಷನ್ ಆದವರು, ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದು. ಅಂಟಿನಿಂದ ಕೂರಿಸುವ ಪ್ಯಾಚ್ ಇರುವವರು ಅದರ ಅಂಚಿಗೆ ಎಣ್ಣೆ ತಾಗದಂತೆ ನೋಡಿಕೊಳ್ಳಲಿ, ಅಂಟು ಬಿಟ್ಟುಬಿಡುತ್ತದೆ. ಒಳಗೆ ಹತ್ತಿಯ ತೆಳು ಟೋಪಿ ಧರಿಸಿದರೆ ತಲೆಯೂ ಬೆಚ್ಚಗಿರುತ್ತದೆ, ಒರಟು ಹೊಲಿಗೆಯೂ ಚುಚ್ಚುವುದಿಲ್ಲ. ಚಳಿಯೆಂದು ವಿಗ್ಗು ಹಾಕಿಕೊಂಡೇ ಮಲಗುವುದು ಬೇಡ. ರಾತ್ರಿಗೆ ಮೆತ್ತನೆಯ ಕುಲಾವಿಯೇ ಹಿತ.

ತೆಗೆದಿಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ತೇವ ಒಳಗೇ ಉಳಿಯುತ್ತದೆ. ಕಪಾಟಿನಲ್ಲಿ ನುಸಿಗುಳಿಗೆಯ ಪಕ್ಕದಲ್ಲಿಯೂ ಇಡಬೇಡಿ, ಆ ವಾಸನೆ ಹೋಗುವುದಕ್ಕೆ ಬಹಳ ದಿನ ಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋದ ಮೇಲೆ ಒಮ್ಮೆ ಚೆನ್ನಾಗಿ ತೊಳೆದು, ಕತ್ತಿನ ಬಳಿ ಸುರುಟಿದ ತುದಿಗಳನ್ನು ಅರ್ಧ ಅಂಗುಲದಷ್ಟು ಕತ್ತರಿಸಿ, ಮತ್ತೆ ಬೇಸಿಗೆಯ ಲೆಕ್ಕದಂತೆ ತೊಳೆಯಲು ಆರಂಭಿಸಬಹುದು.