ಲೂಚಿಚ್ ಕೊಟ್ಟು ನೀಲ್ ತಂದ ಲೆಕ್ಕ

ಎನ್‌ಎಚ್‌ಎಲ್‌ನಲ್ಲಿ, ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ, ಕೆಟ್ಟ ಕಾಂಟ್ರಾಕ್ಟ್‌ಗಳ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು 2016ರ ಜುಲೈ 1. ಆ ಒಂದೇ ದಿನ ಎಡ್ಮಂಟನ್ ಆಯಿಲರ್ಸ್ ಮಿಲನ್ ಲೂಚಿಚ್‌ಗೆ ಏಳು ವರ್ಷಕ್ಕೆ 4.2 ಕೋಟಿ ಡಾಲರ್ ಬರೆದುಕೊಟ್ಟಿತು. ವ್ಯಾಂಕೂವರ್ ಲೂಯಿ ಎರಿಕ್ಸನ್‌ಗೆ ಆರು ವರ್ಷಕ್ಕೆ 3.6 ಕೋಟಿ, ಬಫಲೋ ಕೈಲ್ ಒಕ್ಪೋಸೊಗೆ ಏಳು ವರ್ಷಕ್ಕೆ 4.2 ಕೋಟಿ, ಬಾಸ್ಟನ್ ಡೇವಿಡ್ ಬ್ಯಾಕಸ್‌ಗೆ ಐದು ವರ್ಷಕ್ಕೆ 3 ಕೋಟಿ. ಎಲ್ಲರೂ ಒಳ್ಳೆಯ ಆಟಗಾರರೇ, ಆದರೆ ಒಳ್ಳೆಯ ವರ್ಷಗಳು ಹಿಂದೆ ಬಿದ್ದಿದ್ದವು. ಮೂರು ವರ್ಷ ಕಳೆಯುವಷ್ಟರಲ್ಲಿ ಈ ಪಟ್ಟಿಯ ಒಬ್ಬರನ್ನಾದರೂ ಯಾರ ತಲೆಗಾದರೂ ಕಟ್ಟುವುದು ಹೇಗೆ ಅಂತ ಅರ್ಧ ಲೀಗೇ ಯೋಚಿಸುತ್ತಿತ್ತು. ನಾನೂ ಯೋಚಿಸುತ್ತಿದ್ದೆ. ಯಾಕೆಂದರೆ ಲೂಚಿಚ್ ನನ್ನ ತಂಡದಲ್ಲಿದ್ದ.

ನನ್ನ ತಂಡ ಅಂದರೆ ಫ್ಯಾಂಟಸಿ ತಂಡ: ನಿಜವಾದ ಆಟಗಾರರನ್ನು ಕಾಗದದ ಮೇಲೆ ತಂಡವಾಗಿ ಕಟ್ಟಿಕೊಂಡು, ಅವರ ನಿಜವಾದ ಆಟಕ್ಕೆ ಅಂಕ ಎಣಿಸುವ ಆಟ. ನಾನು ಮೈಸೂರಿನವನು, ಕೆಲಸ ಕ್ಯಾಲ್ಗರಿಯಲ್ಲಿ. ಇಲ್ಲಿ ಆಫೀಸಿನ ಕೆಲವರು, ಅವರ ಗೆಳೆಯರು, ನಮ್ಮ ಕನ್ನಡದವರು ಒಂದಿಬ್ಬರು ಸೇರಿ ಒಂದು ಕೀಪರ್ ಲೀಗ್ ನಡೆಸುತ್ತೇವೆ. ಆಟಗಾರ ವರ್ಷದಿಂದ ವರ್ಷಕ್ಕೆ ನಿಮ್ಮ ಬಳಿಯೇ ಉಳಿಯುತ್ತಾನೆ, ಅವನ ನಿಜವಾದ ಎನ್‌ಎಚ್‌ಎಲ್ ಕಾಂಟ್ರಾಕ್ಟೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, ಕೂಡ ಎನ್‌ಎಚ್‌ಎಲ್‌ನದ್ದೇ. 2019-20ಕ್ಕೆ ಅದು 8.15 ಕೋಟಿ ಡಾಲರ್. ಐಪಿಎಲ್ ಪರ್ಸ್ ನೋಡಿದವರಿಗೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಹೀಗೆ: ಐಪಿಎಲ್‌ನಲ್ಲಿ ಬೇಡವಾದವನನ್ನು ಸೀಸನ್ ಮುಗಿದ ಮೇಲೆ ಬಿಟ್ಟುಬಿಡಬಹುದು, ಇಲ್ಲಿ ಹಾಗೆ ಪುಕ್ಕಟೆ ಬಿಡಲಾಗದು. ಸಹಿ ಬಿದ್ದ ಮೇಲೆ, ದಂಡ ತೆತ್ತು ಕಳಿಸದಿದ್ದರೆ, ಕೊನೆಯ ವರ್ಷದ ಕೊನೆಯ ಡಾಲರಿನವರೆಗೂ ಅವನು ನಿಮ್ಮವನೇ.

ಬಿಟ್ಟುಹೋದವರೊಬ್ಬರ ತಂಡ ನನ್ನ ಕೈಗೆ ಬಂದಾಗ ಲೂಚಿಚ್ ಅದರ ಜೊತೆಗೇ ಬಂದಿದ್ದ. ವರ್ಷಕ್ಕೆ 60 ಲಕ್ಷ ಡಾಲರ್ ಕ್ಯಾಪ್, 2022-23ರವರೆಗೆ. ಎಡ್ಮಂಟನ್‌ನಲ್ಲಿ ಮೊದಲ ವರ್ಷ 23 ಗೋಲು ಹೊಡೆದಿದ್ದವನು ಎರಡನೇ ವರ್ಷ 10ಕ್ಕೆ ಇಳಿದ, ಮೂರನೇ ವರ್ಷ 79 ಪಂದ್ಯದಲ್ಲಿ 6.

2019ರ ಬೇಸಿಗೆಯಲ್ಲಿ ನನ್ನ ಮುಂದೆ ಎರಡು ಪ್ರಸ್ತಾಪ ಇದ್ದವು. ಒಬ್ಬ ಎರಿಕ್ಸನ್‌ನನ್ನು ಕೊಡುತ್ತೇನೆ ಅಂದ. ಇನ್ನೊಬ್ಬ, ಎಡ್ಮಂಟನ್‌ನಲ್ಲಿರುವ ಹಾಸನದ ಗೆಳೆಯ, ಜೇಮ್ಸ್ ನೀಲ್‌ನನ್ನು ಕೊಡಲು ತಯಾರಿದ್ದ. ಮೂವರ ಸಂಬಳವೂ ಹೆಚ್ಚುಕಡಿಮೆ ಒಂದೇ, ಮೂವರೂ ಮೂವತ್ತು ದಾಟಿದವರು.

ಇಂಥ ಟ್ರೇಡ್‌ನಲ್ಲಿ ಬಹಳ ಜನ ಹಿಂದಿನ ವರ್ಷದ ಗೋಲು ಎಣಿಸಿ, ಹೆಚ್ಚು ಹೊಡೆದವನನ್ನು ತಗೊಂಡು ಸುಮ್ಮನಾಗುತ್ತಾರೆ. ಹಾಗೆ ನೋಡಿದರೆ ಎರಿಕ್ಸನ್ ಗೆಲ್ಲಬೇಕಿತ್ತು: 2018-19ರಲ್ಲಿ ಅವನದು 11 ಗೋಲು, ನೀಲ್‌ನದು 7, ಲೂಚಿಚ್‌ನದು 6. ಆದರೆ ಆರೋ ಏಳೋ ಹನ್ನೊಂದೋ, 60 ಲಕ್ಷಕ್ಕೆ ಯಾವುದೂ ಸಾಲದು. ನನಗೆ ಬೇಕಾಗಿದ್ದುದು ಬೇರೆ ಎರಡು ಉತ್ತರ. ಇವನ ಕುಸಿತ ಕಾಲಿನದೋ, ಅದೃಷ್ಟದ್ದೋ? ಮುಂದೆ ಬೇಡವಾದರೆ ಇವನ ಕಾಂಟ್ರಾಕ್ಟ್‌ಗೆ ಹಿಂಬಾಗಿಲು ಇದೆಯೋ, ಇಲ್ಲವೋ?

ಕಾಲಿನ ವಿಷಯದಲ್ಲಿ ಲೂಚಿಚ್ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಪಂದ್ಯಕ್ಕೆ ಹೆಚ್ಚುಕಡಿಮೆ ಒಂದೇ ಶಾಟ್. ಫಾರ್ವರ್ಡ್ ಒಬ್ಬನ ಶಾಟ್ ಅಷ್ಟಕ್ಕೆ ಇಳಿದರೆ ಅವನು ಹೊಡೆಯುವ ಜಾಗಕ್ಕೇ ತಲುಪುತ್ತಿಲ್ಲ ಎಂದರ್ಥ. ಟಿವಿಯಲ್ಲಿ ಕೂತು ಅವನೊಬ್ಬನನ್ನೇ ಹಿಂಬಾಲಿಸಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತಿತ್ತು: ಎಡ್ಮಂಟನ್‌ನ ತಾರೆ ಮೆಕ್‌ಡೇವಿಡ್ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ಬಿಲ್ಲೆ) ಹಿಡಿದು ಎದುರಾಳಿಯ ನೀಲಿ ಗೆರೆ ದಾಟುವ ಹೊತ್ತಿಗೆ ಲೂಚಿಚ್ ಇನ್ನೂ ನಡುಗೆರೆಯ ಆಸುಪಾಸಿನಲ್ಲಿರುತ್ತಿದ್ದ. ಅವನು ಬಂದು ಸೇರುವಷ್ಟರಲ್ಲಿ ಆ ದಾಳಿಯೇ ಮುಗಿದಿರುತ್ತಿತ್ತು. ಇದು ಅದೃಷ್ಟದ ಮಾತಲ್ಲ, ಮತ್ತೆ ಬರುವುದೂ ಅಲ್ಲ. ಆದರೆ ಮೈಮೇಲೆ ಬಿದ್ದು ಆಡುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಹಿಟ್. ನಮ್ಮ ಲೀಗ್‌ನಲ್ಲಿ ಹಿಟ್‌ಗೂ ಅಂಕ ಇರುವುದರಿಂದ ಅವನು ಪೂರ್ತಿ ದಂಡವೇನಲ್ಲ.

ನೀಲ್‌ನ ಕಥೆ ಬೇರೆ. 2008-09ರಿಂದ 2017-18ರವರೆಗೆ ಸತತ ಹತ್ತು ಸೀಸನ್, ಒಂದೂ ತಪ್ಪದೆ, 20 ಅಥವಾ ಹೆಚ್ಚು ಗೋಲು ಹೊಡೆದವನು. ಪಿಟ್ಸ್‌ಬರ್ಗ್‌ನಲ್ಲಿ ಮಾಲ್ಕಿನ್ ಜೊತೆ ಆಡಿದಾಗ ಒಮ್ಮೆ 40. ನ್ಯಾಶ್‌ವಿಲ್ ಜೊತೆ 2017ರ ಸ್ಟ್ಯಾನ್ಲಿ ಕಪ್ ಫೈನಲ್, ವೇಗಾಸ್ ಜೊತೆ 2018ರ ಫೈನಲ್, ಎರಡರಲ್ಲೂ ಸೋಲು. ಅದಾದ ಮೇಲೆ ಕ್ಯಾಲ್ಗರಿ ಐದು ವರ್ಷಕ್ಕೆ 2.875 ಕೋಟಿ ಕೊಟ್ಟು ತಂದಿತು. ಮೊದಲ ವರ್ಷವೇ 63 ಪಂದ್ಯಕ್ಕೆ 7 ಗೋಲು. ಪ್ಲೇಆಫ್‌ನಲ್ಲಿ ಕೊಲರಾಡೋ ಎದುರು ಸೀಸನ್ ಮುಗಿದ ಆ ಐದನೇ ಪಂದ್ಯಕ್ಕೆ ತಂಡದಿಂದಲೇ ಹೊರಗೆ. ಅವತ್ತು ಇಲ್ಲಿ ಅವನ ಹೆಸರೆತ್ತಿದರೆ ಜನ ಉರಿದುಬೀಳುತ್ತಿದ್ದರು.

ಆದರೆ ಅಂಕಿಅಂಶ ಬಿಡಿಸಿ ನೋಡಿದರೆ, ಅವನ ಶಾಟ್‌ಗಳಲ್ಲಿ ಗೋಲಾದದ್ದು ಸುಮಾರು 5 ಶೇಕಡಾ. ಅದಕ್ಕೂ ಮುಂಚಿನ ಹತ್ತು ವರ್ಷದಲ್ಲಿ ಅದು ಹೆಚ್ಚುಕಡಿಮೆ 12 ಶೇಕಡಾ ಇತ್ತು. ಹೊಡೆಯುವ ಕೈ ಒಂದೇ ಬೇಸಿಗೆಯಲ್ಲಿ ಅರ್ಧ ಮರೆತುಹೋಗುವುದಿಲ್ಲ. ಶಾಟ್‌ಗಳೂ ಕಡಿಮೆಯಾಗಿದ್ದವು, ನಿಜ. ಅಂದರೆ ಕಾಲೂ ಸ್ವಲ್ಪ ಸೋತಿತ್ತು. ಹಾಗಾಗಿ ಹಳೆಯ 25 ಗೋಲು ಬರುತ್ತವೆ ಅಂತ ನಾನು ಎಣಿಸಲಿಲ್ಲ. ಹದಿನೈದರ ಮೇಲೆ ಬಂದರೆ ಸಾಕು ಅಂದುಕೊಂಡೆ.

ಎರಿಕ್ಸನ್‌ನನ್ನು ಬಿಟ್ಟ ಕಾರಣ ಬೇಗ ಹೇಳಿ ಮುಗಿಸುತ್ತೇನೆ. ಅವನ ಕಾಂಟ್ರಾಕ್ಟ್ ಒಂದು ವರ್ಷ ಮೊದಲೇ ಮುಗಿಯುತ್ತಿತ್ತು, ಅದೊಂದು ದೊಡ್ಡ ಆಕರ್ಷಣೆಯೇ. ಆದರೆ ಸೆಡಿನ್ ಅಣ್ಣತಮ್ಮಂದಿರ ಜೊತೆ ಆಡಲೆಂದೇ ತಂದ ಆಟಗಾರ ಅವನು. ಅವರಿಬ್ಬರೂ 2018ರಲ್ಲಿ ನಿವೃತ್ತರಾದ ಮೇಲೆ ಅವನ ಕೆಲಸ ತನ್ನ ತಂಡದವನು ಪೆನಾಲ್ಟಿಯಿಂದ ಹೊರಗಿರುವಾಗ ಗೋಲು ತಡೆಯುವುದು, ಕೆಳಗಿನ ಲೈನ್‌ಗಳಲ್ಲಿ ರಕ್ಷಣೆ ಮಾಡುವುದು. ಕೋಚ್‌ಗೆ ಅದು ಬೇಕು, ಫ್ಯಾಂಟಸಿಯಲ್ಲಿ ಅದಕ್ಕೆ ಸೊನ್ನೆ. ಹಿಟ್ ಕೂಡ ಇಲ್ಲ.

ಈಗ ಹಿಂಬಾಗಿಲು. ಈ ಟ್ರೇಡ್‌ನ ತಿರುಳೆಲ್ಲ ಇಲ್ಲಿದೆ.

ಎನ್‌ಎಚ್‌ಎಲ್‌ನಲ್ಲಿ ಬೈಔಟ್ ಅಂತ ಒಂದು ದಾರಿ ಇದೆ. ಆಟಗಾರನಿಗೆ 26 ತುಂಬಿದ್ದರೆ, ಉಳಿದ ಸಂಬಳದ ಮೂರನೇ ಎರಡು ಭಾಗವನ್ನು, ಉಳಿದ ವರ್ಷದ ದುಪ್ಪಟ್ಟು ಕಾಲಕ್ಕೆ ಹಂಚಿ ಕೊಟ್ಟು ಕಳಿಸಬಹುದು. ಆದರೆ ಈ ರಿಯಾಯಿತಿ ಸಂಬಳಕ್ಕೆ ಮಾತ್ರ. ಸೈನಿಂಗ್ ಬೋನಸ್ ಅಂತ ಬರೆದಿದ್ದರೆ ಅದರಲ್ಲಿ ಒಂದು ಪೈಸೆಯೂ ಕಡಿಮೆಯಾಗದು, ಪೂರ್ತಿ ಕೊಡಬೇಕು, ಪೂರ್ತಿ ಕ್ಯಾಪ್‌ನಲ್ಲೂ ಕೂರುತ್ತದೆ. ಚುರುಕಾದ ಏಜೆಂಟ್‌ಗಳಿಗೆ ಇದು ಗೊತ್ತು. ಲೂಚಿಚ್‌ನ ಕಾಂಟ್ರಾಕ್ಟ್‌ನಲ್ಲಿ ದೊಡ್ಡ ಪಾಲು ಬೋನಸ್; ಎರಿಕ್ಸನ್‌ನದೂ ಹಾಗೆಯೇ. ಬೈಔಟ್ ಮಾಡಿದರೂ ಉಳಿಯುವುದು ಚಿಲ್ಲರೆ. ಬಾಗಿಲಿಗೆ ಹೊರಗಿನಿಂದ ಬೀಗ.

ನೀಲ್‌ನ ಕಾಂಟ್ರಾಕ್ಟ್ ಇದಕ್ಕೆ ತದ್ವಿರುದ್ಧ: ಪ್ರತಿ ವರ್ಷ ಒಂದೇ 57.5 ಲಕ್ಷ, ನೇರ ಸಂಬಳ. ಒಂದು ಕಾಗದದಲ್ಲಿ ಲೆಕ್ಕ ಹಾಕಿದೆ. ಎರಡು ವರ್ಷ ಉಳಿದಿರುವಾಗ ಬಿಟ್ಟರೆ 1.15 ಕೋಟಿಯ ಮೂರನೇ ಎರಡು ಭಾಗ ಅಂದರೆ 76.67 ಲಕ್ಷ; ಅದನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 19.17 ಲಕ್ಷ. ಮೂರು ವರ್ಷ ಉಳಿದಿರುವಾಗ ಬಿಟ್ಟರೂ ವರ್ಷಕ್ಕೆ ಅದೇ 19.17 ಲಕ್ಷ, ಆರು ವರ್ಷ ತೆರಬೇಕು ಅಷ್ಟೆ. ಸಂಬಳ ಏರಿಳಿತವಿಲ್ಲದೆ ಸಮನಾಗಿದ್ದರೆ ಯಾವ ಬೇಸಿಗೆಯಲ್ಲಿ ಬಿಟ್ಟರೂ ವರ್ಷದ ಹೊರೆ ಬದಲಾಗುವುದಿಲ್ಲ, ಎಷ್ಟು ವರ್ಷ ಎಂಬುದು ಮಾತ್ರ ಬದಲಾಗುತ್ತದೆ. ಅಂದರೆ ಎರಡು ಸೀಸನ್ ಆಡಿಸಿ, ಆಮೇಲೆ ಬಾಗಿಲು ತೆಗೆದರೆ ಮೊದಲ ಎರಡು ವರ್ಷ ತಲಾ 38 ಲಕ್ಷಕ್ಕೂ ಹೆಚ್ಚು ಕ್ಯಾಪ್ ಕೈಗೆ ಬರುತ್ತದೆ.

ನಾವಿಬ್ಬರೂ ಇನ್ನೂ ಚೌಕಾಸಿಯಲ್ಲಿರುವಾಗಲೇ, 2019ರ ಜುಲೈ 19ರಂದು, ನಿಜವಾದ ತಂಡಗಳೇ ಈ ಟ್ರೇಡ್ ಮಾಡಿಬಿಟ್ಟವು. ನೀಲ್ ಎಡ್ಮಂಟನ್‌ಗೆ, ಲೂಚಿಚ್ ಕ್ಯಾಲ್ಗರಿಗೆ. ಪರಸ್ಪರ ಕಂಡರಾಗದ ಎರಡು ಊರು, ನಡುವೆ ಟ್ರೇಡ್ ಆಗುವುದೇ ಅಪರೂಪ. ಲೂಚಿಚ್‌ನ ಕ್ಯಾಪ್‌ನಲ್ಲಿ ಶೇಕಡಾ 12.5, ಅಂದರೆ 7.5 ಲಕ್ಷವನ್ನು ಎಡ್ಮಂಟನ್ ತಾನೇ ಇಟ್ಟುಕೊಂಡಿತು. ಮೇಲೊಂದು ಷರತ್ತು: 2019-20ರಲ್ಲಿ ನೀಲ್ 21 ಗೋಲಾದರೂ ಹೊಡೆದು, ಲೂಚಿಚ್ ಅವನಿಗಿಂತ 10 ಗೋಲಾದರೂ ಹಿಂದಿದ್ದರೆ ಕ್ಯಾಲ್ಗರಿಗೆ ಮೂರನೇ ಸುತ್ತಿನ ಡ್ರಾಫ್ಟ್ ಪಿಕ್, ಅಂದರೆ ಹೊಸ ಆಟಗಾರರನ್ನು ಆರಿಸುವಾಗ ಆ ಸುತ್ತಿನಲ್ಲಿ ಎಡ್ಮಂಟನ್‌ನ ಸರದಿ. ಕೂಡಿ ಕಳೆದು ನೋಡಿದರೆ ಎಡ್ಮಂಟನ್‌ಗೆ ವರ್ಷಕ್ಕೆ 5 ಲಕ್ಷ ಹೊರೆ ಹೆಚ್ಚಾಯಿತು. ಆಯಿಲರ್ಸ್‌ನ ಹೊಸ ಜನರಲ್ ಮ್ಯಾನೇಜರ್ ಕೆನ್ ಹಾಲಂಡ್‌ಗೆ ಲೆಕ್ಕ ಬರುವುದಿಲ್ಲವೇ ಅಂತ ಅವತ್ತು ನಕ್ಕವರಿದ್ದರು. ನನ್ನ ಪ್ರಕಾರ ಆ ಹೆಚ್ಚಿನ 5 ಲಕ್ಷ ಬೀಗವಿಲ್ಲದ ಬಾಗಿಲಿನ ಬೆಲೆ.

ಸಂಜೆಯೇ ಹಾಸನದವನ ಫೋನು. "ಗುರೂ, ನೋಡ್ದ್ಯಾ? ನಾವೂ ಹಂಗೇ ಮಾಡಣ. ನೀನೂ ಏಳೂವರೆ ಲಕ್ಷ ಇಟ್ಕೋ, ಆ ಗೋಲಿನ ಷರತ್ತೂ ಹಾಕೋಣ."

ಎರಡಕ್ಕೂ ಒಲ್ಲೆ ಅಂದೆ. ಸಂಬಳ ಉಳಿಸಿಕೊಳ್ಳುವುದು ಸಣ್ಣದಾಗಿ ಕಾಣುತ್ತದೆ, ಆದರೆ ಅದು ನಾಲ್ಕು ವರ್ಷ ಪ್ರತಿ ವರ್ಷ ಕೂರುತ್ತದೆ. ಎನ್‌ಎಚ್‌ಎಲ್‌ನಲ್ಲಿ ಆಗ ಕನಿಷ್ಠ ಸಂಬಳ 7 ಲಕ್ಷ. ಅಂದರೆ ನಾಲ್ಕು ವರ್ಷವೂ ಒಬ್ಬ ಆಟಗಾರನ ಜಾಗ ಖಾಲಿ ಬಿಟ್ಟಂತೆ. ಗೋಲಿನ ಷರತ್ತಿನಲ್ಲಿ ಇನ್ನೊಂದು ತಕರಾರು: ಒಟ್ಟು ಸಂಖ್ಯೆಗೆ ಕಟ್ಟಿದರೆ ಗಾಯವಾದರೆ ಏನು, ಸೀಸನ್ ಪೂರ್ತಿಯಾಗದಿದ್ದರೆ ಏನು ಅಂತ ಜಗಳಕ್ಕೆ ದಾರಿ. "ಷರತ್ತು ಗಿರತ್ತು ಬೇಡ ಮಾರಾಯ, ನಾಲ್ಕನೇ ಸುತ್ತಿನ ಪಿಕ್ ಒಂದು ಈಗಲೇ ಕೊಡ್ತೀನಿ, ಮುಗಿಸು" ಅಂದೆ. ಪಿಕ್ ಒಂದು ಸಲ ಹೋದರೆ ಹೋಯಿತು, ಕ್ಯಾಪ್ ಹೊರೆ ಹಾಗಲ್ಲ. ಅವನಿಗೆ ಹಿಟ್ ಬೇಕಿತ್ತು, ಅವನ ತಂಡ ಪೂರ್ತಿ ಸಣಕಲು ಹುಡುಗರದ್ದು. ಒಪ್ಪಿದ.

ನೀಲ್ ಆಡುವ ಜಾಗದ ವಿಷಯವನ್ನೂ ಎನ್‌ಎಚ್‌ಎಲ್ ಟ್ರೇಡೇ ತೀರ್ಮಾನಿಸಿತು. ನೀಲ್ ಈಗ ಮೆಕ್‌ಡೇವಿಡ್, ಡ್ರೈಸೈಟಲ್ ಇರುವ ಪವರ್ ಪ್ಲೇನಲ್ಲಿ (ಎದುರಾಳಿಯೊಬ್ಬ ಪೆನಾಲ್ಟಿಯಿಂದ ಹೊರಗಿರುವಾಗಿನ ಆಟದಲ್ಲಿ) ಗೋಲ್‌ಕೀಪರ್‌ನ ಮೂಗಿನ ಕೆಳಗೆ ನಿಲ್ಲುವ ಆಟಗಾರ. ಅಲ್ಲಿ ಓಡುವ ಕೆಲಸವಿಲ್ಲ. ನಿಲ್ಲಬೇಕು, ಏಟು ತಿನ್ನಬೇಕು, ಬಂದ ಪಕ್ ಒಳಗೆ ತಳ್ಳಬೇಕು. ಕಾಲು ಸೋತ, ಕೈ ಉಳಿದಿರುವ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ನೌಕರಿ ಇಲ್ಲ. ಅಕ್ಟೋಬರ್ 8ರಂದು ಐಲ್ಯಾಂಡರ್ಸ್ ಎದುರು ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ. ಆ ಸೀಸನ್‌ನಲ್ಲಿ ಎಡ್ಮಂಟನ್‌ನ ಪವರ್ ಪ್ಲೇ 29.5 ಶೇಕಡಾ, ಲೀಗ್‌ಗೇ ಮೊದಲು. ನೀಲ್‌ನ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಬಂದವು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಸೀಸನ್ ನಿಂತಾಗ ನೀಲ್ 55 ಪಂದ್ಯದಲ್ಲಿ 19 ಗೋಲು, ಲೂಚಿಚ್ 68 ಪಂದ್ಯದಲ್ಲಿ 8. ಅಂತರ 11, ಆದರೆ 21ಕ್ಕೆ ಎರಡು ಕಡಿಮೆ! ಎನ್‌ಎಚ್‌ಎಲ್ ಮಧ್ಯೆ ಬಂದು ತೀರ್ಪು ಕೊಡಬೇಕಾಯಿತು. ಕ್ಯಾಲ್ಗರಿಗೆ ಮೂರನೇ ಸುತ್ತಿನ ಪಿಕ್ ಸಿಕ್ಕಿತು. ನಮ್ಮಿಬ್ಬರ ನಡುವೆ ತೀರ್ಪಿಗೆ ಹೋಗುವಂಥದ್ದು ಏನೂ ಉಳಿದಿರಲಿಲ್ಲ.

ಕೊರೊನಾ ಇನ್ನೊಂದು ಕೆಲಸ ಮಾಡಿತು. ವರ್ಷ ವರ್ಷ ಏರುತ್ತಿದ್ದ ಕ್ಯಾಪ್ 8.15 ಕೋಟಿಯಲ್ಲೇ ನಿಂತುಬಿಟ್ಟಿತು, 2021-22ರವರೆಗೂ. ಕ್ಯಾಪ್ ಏರುತ್ತಿದ್ದರೆ 60 ಲಕ್ಷದ ಕೆಟ್ಟ ಕಾಂಟ್ರಾಕ್ಟ್ ತಾನಾಗಿ ಹಗುರಾಗುತ್ತದೆ, ನಿಂತರೆ ಅಷ್ಟೇ ಭಾರ. ಬಾಗಿಲಿನ ಬೆಲೆ ಅಲ್ಲಿಂದ ಇನ್ನೂ ಹೆಚ್ಚಾಯಿತು.

ಮರುವರ್ಷ ನೀಲ್ 29 ಪಂದ್ಯಕ್ಕೆ 5 ಗೋಲು. ಪವರ್ ಪ್ಲೇನ ಜಾಗವೂ ಹೋಯಿತು. 2021ರ ಜುಲೈ ಕೊನೆಯಲ್ಲಿ ಎಡ್ಮಂಟನ್ ಅವನನ್ನು ಬೈಔಟ್ ಮಾಡಿತು, ನಾನೂ ನಮ್ಮ ಲೀಗ್‌ನಲ್ಲಿ ಅದನ್ನೇ ಮಾಡಿದೆ. ವರ್ಷಕ್ಕೆ 19.17 ಲಕ್ಷ, 2024-25ರವರೆಗೆ, ಕಾಗದದಲ್ಲಿ ಇದ್ದ ಹಾಗೆಯೇ. ಕೈಗೆ ಬಂದ ಕ್ಯಾಪ್‌ನಲ್ಲಿ ಒಬ್ಬ ಡಿಫೆನ್ಸ್‌ಮನ್ ತಗೊಂಡೆ.

ಹಾಸನದವನು ಲೂಚಿಚ್‌ನನ್ನು 2023ರಲ್ಲಿ ಕಾಂಟ್ರಾಕ್ಟ್ ಮುಗಿಯುವವರೆಗೂ ಇಟ್ಟುಕೊಂಡ. ಬೇರೆ ದಾರಿಯೂ ಇರಲಿಲ್ಲ ಅನ್ನಿ, ಆದರೆ ಹಿಟ್ ಪಟ್ಟಿಯಲ್ಲಿ ಅವನು ವರ್ಷವೂ ನನಗಿಂತ ಮೇಲಿದ್ದ, ಅದನ್ನು ಹೇಳಿಕೊಳ್ಳದೆ ಬಿಡುತ್ತಲೂ ಇರಲಿಲ್ಲ. ಈಗ ಅವನ ಬಳಿ ಇರುವುದು ಕ್ಯಾಲ್ಗರಿಯ ಜೋನಥನ್ ಹ್ಯೂಬರ್ಡೊ: ಎಂಟು ವರ್ಷ, 8.4 ಕೋಟಿ, 2031ರವರೆಗೆ. ಮೊನ್ನೆ ಮೆಸೇಜ್ ಹಾಕಿದ್ದ, ಏನು ಕೊಡ್ತೀಯ ಅಂತ. ಅದರಲ್ಲಿ ಸಂಬಳ ಎಷ್ಟು, ಬೋನಸ್ ಎಷ್ಟು, ವರ್ಷವಾರು ಬಿಡಿಸಿ ಕಳಿಸು, ಆಮೇಲೆ ಮಾತಾಡೋಣ ಅಂದಿದ್ದೇನೆ.