ಬಸುರಿಗೆ ಕೊರೊನಾ ಬಂದರೆ: ಮನೆಯಲ್ಲಿ ನೋಡುವುದೇನು, ಹೊರಡುವುದು ಯಾವಾಗ

ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. 2021ರ ಎರಡನೇ ಅಲೆಯಲ್ಲಿ ತಡವಾಗಿ ಕರೆತಂದವರ ಬಾಯಲ್ಲಿ ಒಂದೇ ಮಾತು: "ಬಸುರಿಗೆ ಏದುಸಿರು ಇದ್ದದ್ದೇ ಅಲ್ವಾ ಸಿಸ್ಟರ್?"

ಇದ್ದದ್ದೇ, ನಿಜ. ಆದರೆ ಬಸಿರಿನ ಏದುಸಿರು ಮೆಟ್ಟಿಲು ಹತ್ತಿದರೆ ಬರುತ್ತದೆ, ಕೂತರೆ ಇಳಿಯುತ್ತದೆ. ಕೂತಲ್ಲೇ ಉಸಿರು ಸಾಲದಿದ್ದರೆ ಅದು ಬೇರೆ. ನಾನು ಸುಮ್ನೆ ಕೇಳುತ್ತೇನೆ, "ಬೆಳಿಗ್ಗೆ ಏನು ತಿಂದೆ, ಹೇಳಮ್ಮ." "ಇಡ್ಲಿ... ಆಮೇಲೆ... ಸ್ವಲ್ಪ ಹಾಲು" ಅಂತ ನಡುನಡುವೆ ಉಸಿರೆಳೆದರೆ ಮುಂದಿನ ಪ್ರಶ್ನೆ ಕೇಳುವುದಿಲ್ಲ, ಆಕ್ಸಿಜನ್ ತರುತ್ತೇನೆ. ಏಳನೇ ತಿಂಗಳಾದ ಮೇಲೆ ಗರ್ಭ ಎದೆಗೂಡಿನ ಕಡೆ ಒತ್ತಿರುತ್ತದೆ, ಶ್ವಾಸಕೋಶಕ್ಕೆ ಜಾಗ ಕಮ್ಮಿ. ಮಗುವಿಗೂ ಆಕ್ಸಿಜನ್ ಹೋಗಬೇಕು. ಸಕ್ಕರೆ ಕಾಯಿಲೆ, ಬಿಪಿ, ಜಾಸ್ತಿ ತೂಕ ಇದ್ದರೆ ಇನ್ನೂ ಹುಷಾರು.

ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಹಾಕುವ ಮುಂಚೆ ಐದು ನಿಮಿಷ ಕೂರಿಸಿ. ನೇಲ್ ಪಾಲಿಶ್ ಅಳಿಸಿ. ಸೀಮಂತದ ಮೆಹಂದಿ ಗಾಢವಾಗಿದ್ದರೆ ಬಣ್ಣವಿಲ್ಲದ ಬೆರಳು ಹುಡುಕಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಮೊದಲು ಕಂಡ ಅಂಕಿ ಬರೆಯಬೇಡಿ, ಅದು ಒಂದು ಕಡೆ ನಿಲ್ಲುವವರೆಗೆ ಕಾಯಿರಿ. ಬಸುರಿಗೆ ಕಮ್ಮಿ ಅಂದರೂ 95 ಇರಲೇಬೇಕು. 94 ಬಂದರೆ "ಒಂದೇ ತಾನೇ ಕಮ್ಮಿ" ಅನ್ನಬೇಡಿ, ಆಸ್ಪತ್ರೆಗೆ ಹೊರಡಿ. ಆಕೆಗೆ ಗೊತ್ತಾಗದಂತೆ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 24 ದಾಟಿದರೂ ಹೊರಡಿ. ಮಗುವಿನ ಮಿಸುಕಾಟ ಕಮ್ಮಿಯಾದರೆ, ಎದೆ ನೋವು ಬಂದರೆ, ಒಂದೇ ಕಾಲು ಊದಿದರೆ ಅಂಕಿ ಸರಿಯಿದ್ದರೂ ಕಾಯಬೇಡಿ.

ಜ್ವರ ಬಿಟ್ಟಿತು ಅಂತ ಆಕ್ಸಿಮೀಟರ್ ಪೆಟ್ಟಿಗೆಗೆ ಹಾಕುವವರೇ ಜಾಸ್ತಿ. ಉಸಿರಾಟ ಕೆಡುವುದು ಎಷ್ಟೋ ಸಲ ಕಾಯಿಲೆ ಶುರುವಾದ ಐದನೇ ದಿನದಿಂದ ಹತ್ತನೇ ದಿನದೊಳಗೆ. ಅಲ್ಲಿಯವರೆಗೆ ಹೊತ್ತುಹೊತ್ತಿಗೆ ನೋಡಿ ಬರೆದಿಡಿ.

ಜ್ವರಕ್ಕೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್ ಬೇಡ. ವಾಟ್ಸಾಪ್‌ನಲ್ಲಿ ಬಂದ ಚೀಟಿ ನೋಡಿ ಸ್ಟೀರಾಯ್ಡ್ ಅಂತೂ ಬೇಡವೇ ಬೇಡ. ಅಂಗಾತ ಮಲಗಿಸಬೇಡಿ, ಎಡಮಗ್ಗುಲಾಗಿ ಬೆನ್ನಿಗೆ ದಿಂಬು ಕೊಡಿ.

108ಕ್ಕೆ ಫೋನ್ ಮಾಡಿದಾಗ ಎಷ್ಟು ತಿಂಗಳು, ಅಂಕಿ ಎಷ್ಟು ಎಂಬ ಎರಡನ್ನೂ ಮೊದಲೇ ಹೇಳಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿರಲಿ.

ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ಅಂದಕೂಡಲೇ ಅತ್ತೆ ಅಡ್ಡ ಬರುತ್ತಾರೆ. ಅದರ ವಿಕಿರಣ ಮಗುವಿಗೆ ತಲುಪುವುದು ತೀರಾ ಕಮ್ಮಿ, ಬಿಡಿ, ತೆಗೆಸಲಿ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಚುಚ್ಚಿದರೂ ಗಾಬರಿ ಬೇಡ, ಅದು ಮಗುವಿಗೆ ದಾಟುವುದಿಲ್ಲ. ಕೊರೊನಾ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹೆರಿಗೆಯಾದ ಮೇಲೆ ಬಾಣಂತಿಗೆ ಕೂರುವಷ್ಟು ಶಕ್ತಿ ಇದ್ದರೆ ಕೈ ತೊಳೆದು, ಮಾಸ್ಕ್ ಹಾಕಿ ಹಾಲು ಕುಡಿಸಬಹುದು.