ಪೀಣ್ಯಕ್ಕೆ ಸುನಾಮಿ ಬರುತ್ತಾ?

2017ರಲ್ಲಿ ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಐಎಸ್‌ಒ 9001 ಅನ್ನೋ ಗುಣಮಟ್ಟ ನಿರ್ವಹಣೆಯ ಮಾನಕದ 2008ರ ಆವೃತ್ತಿ ಬಿಟ್ಟು 2015ರದಕ್ಕೆ ಹೋಗಲು 2018ರ ಸೆಪ್ಟೆಂಬರ್ ಗಡುವು. ಹಳೆಯದರಲ್ಲಿದ್ದ 8.5.3ನೇ ಕಲಮಿನ ಪ್ರಿವೆಂಟಿವ್ ಆ್ಯಕ್ಷನ್, ಅಂದರೆ ತಪ್ಪು ಆಗುವ ಮೊದಲೇ ತಡೆಯೋದು, ಹೊಸದರಲ್ಲಿ ಇರಲಿಲ್ಲ. ಅದರ ಬದಲು 6.1ರಲ್ಲಿ ರಿಸ್ಕ್ ಮತ್ತು ಅವಕಾಶ ಗುರುತಿಸಿ ಅಂತ ಬಂದಿತ್ತು. ಪರಿಚಯದವರ ಹತ್ತಿರ ರಿಸ್ಕ್ ಪಟ್ಟಿಯ ಒಂದು ಎಕ್ಸೆಲ್ ಇಸ್ಕೊಂಡು ಕಂಪನಿ ಹೆಸರು ಬದಲಿಸಿದೆ. ಎಂಬತ್ತು ಚಿಲ್ಲರೆ ಸಾಲು. ಸಂಭವಕ್ಕೆ ಐದರವರೆಗೆ, ಪರಿಣಾಮಕ್ಕೆ ಐದರವರೆಗೆ ಅಂಕ ಕೊಟ್ಟು, ಗುಣಿಸಿ ಕೆಂಪು, ಹಳದಿ, ಹಸಿರು ಬಣ್ಣ. ಇಂಟರ್ನಲ್ ಆಡಿಟ್‌ಗೆ ಬಂದ ಹಿರಿಯರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಏನ್ರೀ, ಪೀಣ್ಯಕ್ಕೆ ಸುನಾಮಿ ಬರುತ್ತಾ?" ಅಂದರು.

ಆ ಹಾಳೆ ಎಸೆದು ಶಾಪ್‌ಗೆ ಇಳಿದೆ. "ನಿಮ್ಮ ಕೆಲಸದಲ್ಲಿ ಏನೇನು ಅಪಾಯ ಇದೆ ಹೇಳಿ" ಅಂತ ಒಬ್ಬೊಬ್ಬರನ್ನೇ ಕೇಳಿದೆ. ಕೈಗೆ ಲೋಹದ ಚಿಪ್ಸ್ ಚುಚ್ಚುತ್ತೆ, ಕೂಲಂಟ್ ಬಿದ್ದು ಕಾಲು ಜಾರುತ್ತೆ, ಕ್ರೇನ್ ಹುಕ್ ಸರಿಯಿಲ್ಲ. ಎಲ್ಲಾ ನಿಜವೇ. ಆದರೆ ಅದು ಸುರಕ್ಷತೆಯ ಲೆಕ್ಕ. ಮರುವರ್ಷ ಬಂದ ಐಎಸ್‌ಒ 45001ರಲ್ಲಿ ಔದ್ಯೋಗಿಕ ಸುರಕ್ಷತೆಯ ರಿಸ್ಕ್ ಅಂದರೆ ಅವಘಡ ಆಗುವ ಸಂಭವ ಮತ್ತು ಆದರೆ ಎಷ್ಟು ಪೆಟ್ಟಾಗುತ್ತೆ ಅನ್ನೋದು, ಎರಡೂ ಸೇರಿ. ಅಲ್ಲಿ 'ಅಪಾಯ' ಪದ ಸುಮಾರಾಗಿ ಹೊಂದುತ್ತೆ. 9001ಕ್ಕೆ ಹೊಂದಲ್ಲ. ಅದರ ಪದಕೋಶವಾದ ಐಎಸ್‌ಒ 9000 ರಿಸ್ಕ್ ಅನ್ನೋದನ್ನ 'ಅನಿಶ್ಚಿತತೆಯ ಪರಿಣಾಮ' ಅಂತ ಮುಗಿಸಿಬಿಡುತ್ತೆ. ರಿಸ್ಕ್ ನಿರ್ವಹಣೆಗೇ ಇರುವ ಐಎಸ್‌ಒ 31000ರಲ್ಲಿ 'ಗುರಿಗಳ ಮೇಲೆ' ಅಂತ ಇನ್ನೊಂದು ಮಾತು ಸೇರಿದೆ. ಪರಿಣಾಮ ಅಂದರೆ ಅಂದುಕೊಂಡಿದ್ದಕ್ಕಿಂತ ಆಚೀಚೆ ಆಗೋದು. ಒಳ್ಳೇದಕ್ಕೂ ಆಗಬಹುದು, ಕೆಟ್ಟದ್ದಕ್ಕೂ. ನನಗೆ 31000ರ ಮಾತೇ ಇಷ್ಟ. ಗುರಿ ಯಾವುದು ಅಂತ ಗೊತ್ತಿಲ್ಲದೆ ರಿಸ್ಕ್ ಹುಡುಕೋದು ಹೇಗೆ?

ಮರುದಿನ ಪ್ರಶ್ನೆ ಬದಲಿಸಿದೆ. "ಯಾವುದು ಹೆಂಗಾಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ?"

ಗ್ರೈಂಡಿಂಗ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಹೀಟ್ ಟ್ರೀಟ್‌ಮೆಂಟ್‌ಗೆ ಹೋದ ಉದ್ದನೇ ಶಾಫ್ಟು ಸಾರ್. ಯಾವತ್ತು ಬರುತ್ತೋ ಗೊತ್ತಿಲ್ಲ. ಬಂದ ಮೇಲೆ ನೆಟ್ಟಗಿರುತ್ತೋ ಬಾಗಿರುತ್ತೋ ಅದೂ ಗೊತ್ತಿಲ್ಲ. ಬಾಗಿದ್ರೆ ನೀವು ಬಿಟ್ಟಿರೋ ಅಲೋಯನ್ಸ್ ಸಾಲಲ್ಲ, ಒಂದು ಕಡೆ ಕಪ್ಪು ಉಳಿದುಬಿಡುತ್ತೆ."

ಅಲೋಯನ್ಸ್ ಅಂದರೆ ಗ್ರೈಂಡಿಂಗ್‌ನಲ್ಲಿ ಸವೆಸೋಕೆ ಅಂತ ಬಿಟ್ಟ ಹೆಚ್ಚುವರಿ ಲೋಹ; ಅದು ಸಾಲದಿದ್ದರೆ ಕಲ್ಲು ತಾಗದ ಕಡೆ ಹೀಟ್ ಟ್ರೀಟ್‌ಮೆಂಟ್‌ನ ಕಪ್ಪು ಹಾಗೇ ಉಳಿಯುತ್ತೆ. ಎಂಬತ್ತು ಸಾಲಿನಲ್ಲಿ ಎಲ್ಲೂ ಇಲ್ಲದ ಮಾತು ಅದು. ಶಾಫ್ಟ್ ಬಂದ ಕೂಡಲೇ ವಿ-ಬ್ಲಾಕ್ ಮೇಲಿಟ್ಟು, ಡಯಲ್ ಹಿಡಿದು, ಒಂದು ಸುತ್ತು ತಿರುಗಿಸಿ ರನ್‌ಔಟ್, ಅಂದರೆ ತಿರುಗುವಾಗ ಎಷ್ಟು ಓಲಾಡುತ್ತೆ ಅಂತ ನೋಡೋದು ಶುರು ಮಾಡಿದೆವು. ಜಾಸ್ತಿ ಇದ್ದರೆ ಗ್ರೈಂಡಿಂಗ್‌ಗೆ ಮೊದಲು ಪ್ರೆಸ್‌ನಲ್ಲಿ ನೆಟ್ಟಗೆ ಮಾಡೋದು. ಉದ್ದನೇದಕ್ಕೆ ಟರ್ನಿಂಗ್‌ನಲ್ಲೇ ಅಲೋಯನ್ಸ್ ಹೆಚ್ಚಿಸಿದೆವು. ಇನ್ನೊಂದು ಹೀಟ್ ಟ್ರೀಟ್‌ಮೆಂಟ್ ಶಾಪ್ ಕೂಡ ಹುಡುಕಿದೆವು. ಅದಕ್ಕೆ ಮಾಲೀಕರನ್ನು ಒಪ್ಪಿಸೋದೇ ದೊಡ್ಡ ಕೆಲಸವಾಯಿತು.

ಬಣ್ಣದ ಕೋಷ್ಟಕ ಬಿಟ್ಟರೆ ಸರ್ಟಿಫಿಕೇಟ್ ಸಿಗಲ್ಲ ಅಂತ ಹೆದರಿಸಿದವರಿದ್ದರು. 9001ರ ಅನುಬಂಧ ಎ.4 ತೆಗೆದು ತೋರಿಸಿದೆ: ರಿಸ್ಕ್ ನಿರ್ವಹಣೆಗೆ ಇಂಥದೇ ವಿಧಾನ ಬೇಕು, ದಾಖಲಿಸಿದ ಪ್ರಕ್ರಿಯೆ ಬೇಕು ಅನ್ನೋ ಷರತ್ತು ಇಲ್ಲ ಅಂತ ಅಲ್ಲೇ ಇದೆ. ಮಾಹಿತಿ ಸುರಕ್ಷತೆಯ ಐಎಸ್‌ಒ 27001 ಮಾಡುವವರು ಇದನ್ನು ನಂಬಿಕೊಂಡು ಕೂರಬೇಡಿ. ಅಲ್ಲಿ ಮಾನದಂಡ, ರಿಸ್ಕ್‌ಗೆ ಹೊಣೆಗಾರರು, ದಾಖಲೆ ಎಲ್ಲಾ ಬೇಕೇ ಬೇಕು.

ನಮ್ಮದು ಕೊನೆಗೆ ಒಂದೇ ಹಾಳೆಯಾಯಿತು, ಏಳು ಸಾಲು. ಏಳನೆಯದನ್ನು ಬರೆಸಿದ್ದು ಮೇಸ್ತ್ರಿಯೇ. "ನಂದೂ ಒಂದು ಬರ್ಕೊಳಿ ಸಾರ್. ಎರಡು ವರ್ಷಕ್ಕೆ ನಾನು ರಿಟೈರು. ಗ್ರೈಂಡಿಂಗ್ ಕಲ್ಲು ಹದ ಮಾಡೋ ವೀಲ್ ಡ್ರೆಸಿಂಗ್ ಇಲ್ಲಿ ಬೇರೆ ಯಾರಿಗೆ ಬರುತ್ತೆ?" ಮುಂದಿನ ವಾರ ಐಟಿಐ ಮುಗಿಸಿದ ಒಬ್ಬ ಹುಡುಗನನ್ನು ಅವರ ಪಕ್ಕ ನಿಲ್ಲಿಸಿದೆವು.